ಇ-ಕಲಿಕೆಯ ಸ್ನಾತಕೋತ್ತರ ಕೋರ್ಸ್: ಸಾಫ್ಟ್‌ವೇರ್‌ಗಿಂತ ಮೊದಲು ಕಲಿಯಬೇಕಾದದ್ದು

ಪ್ರಶ್ನೆ: ನಾನು ಎಂ.ಎಸ್ಸಿ., ಬಿ.ಇಡಿ. ಮುಗಿಸಿ ದಾವಣಗೆರೆಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಊರು ಹೊಳಲ್ಕೆರೆಯ ಕಡೆ. ತಂದೆಯವರು ಈಗಲೂ ಮೆಕ್ಕೆಜೋಳ ಬೆಳೆಯುತ್ತಾರೆ. ಕೋವಿಡ್ ಕಾಲದಲ್ಲಿ ಮಕ್ಕಳಿಗಾಗಿ ವಿಡಿಯೊ ಪಾಠ ಮಾಡಲು ತೊಡಗಿ ಅದರಲ್ಲೇ ಆಸಕ್ತಿ ಬೆಳೆಯಿತು. ಈಗ ಬೋಧನಾ ವಿನ್ಯಾಸ ಮತ್ತು ಇ-ಕಲಿಕೆಯಲ್ಲಿ ಆನ್‌ಲೈನ್ ಸ್ನಾತಕೋತ್ತರ ಕೋರ್ಸ್ ಸೇರುವ ಯೋಚನೆ ಇದೆ. ಅದರ ಪತ್ರಿಕೆಗಳಲ್ಲಿ ನಿಜಕ್ಕೂ ಏನು ಕಲಿಸುತ್ತಾರೆ? ಮೊದಲು ಸಾಫ್ಟ್‌ವೇರ್ ಕಲಿತುಕೊಂಡು ಹೋಗಬೇಕೆ? ನಾನು ಮಾಡಿದ ‘ಮಾನವನ ಕಣ್ಣು’ ಪಾಠದ 25 ನಿಮಿಷದ ವಿಡಿಯೊವನ್ನು ನಿಮಗೆ ಕಳುಹಿಸಿದ್ದೇನೆ. ಮಕ್ಕಳೆಲ್ಲರೂ ನೋಡಿದರು, ಆದರೂ ಸಮೀಪದೃಷ್ಟಿಗೆ ಯಾವ ಮಸೂರ ಎಂಬುದನ್ನೇ ಪರೀಕ್ಷೆಯಲ್ಲಿ ಬಹಳಷ್ಟು ಮಂದಿ ತಪ್ಪು ಬರೆದರು. ದಾವಣಗೆರೆಯಲ್ಲೇ ಇದ್ದು ಈ ಕ್ಷೇತ್ರದಲ್ಲಿ ಕೆಲಸ ಮಾಡಬಹುದೆ? ಶಾಲೆ, ಮನೆ ಎರಡನ್ನೂ ನೋಡಿಕೊಂಡು ಓದಲು ಸಾಧ್ಯವೆ?

ಉತ್ತರ: ಮಕ್ಕಳು ವಿಡಿಯೊ ನೋಡಿದರು, ಆದರೆ ಕಲಿಯಲಿಲ್ಲ ಎಂದು ಬರೆದಿದ್ದೀರಲ್ಲ, ಅಲ್ಲಿಂದಲೇ ಶುರುಮಾಡುತ್ತೇನೆ. ನೋಡುವುದಕ್ಕೂ ಕಲಿಯುವುದಕ್ಕೂ ನಡುವೆ ಇರುವ ಅಂತರವನ್ನು ಪತ್ತೆಹಚ್ಚಿ ಅದನ್ನು ತುಂಬುವುದೇ ಬೋಧನಾ ವಿನ್ಯಾಸದ ಕೆಲಸ. ಈ ಅಂತರ ನಿಮ್ಮ ಕಣ್ಣಿಗೆ ಬಿದ್ದಿದೆ, ಅದು ನಿಮ್ಮನ್ನು ಕಾಡುತ್ತಿದೆ. ಸಾಫ್ಟ್‌ವೇರ್ ಗೊತ್ತಿರುವುದಕ್ಕಿಂತ ಈ ಕೋರ್ಸಿಗೆ ಅದು ಹೆಚ್ಚು ಮುಖ್ಯವಾದ ಅರ್ಹತೆ.

ನಿಮ್ಮ ವಿಡಿಯೊ ಪೂರ್ತಿ ನೋಡಿದೆ. ವಿವರಣೆ ಸ್ಪಷ್ಟವಾಗಿದೆ, ಧ್ವನಿ ಚೆನ್ನಾಗಿದೆ, ವಿಷಯದಲ್ಲಿ ಒಂದೂ ತಪ್ಪಿಲ್ಲ. ಆದರೆ ಕಣ್ಣಿನ ಚಿತ್ರದಲ್ಲಿ ಭಾಗಗಳಿಗೆ ಅಂಕೆಗಳನ್ನು ಕೊಟ್ಟು ಹೆಸರುಗಳನ್ನು ಪರದೆಯ ಕೆಳಗೆ ಪಟ್ಟಿ ಮಾಡಿದ್ದೀರಿ. ಮಗು ಪ್ರತಿ ಸಲವೂ ಚಿತ್ರದಿಂದ ಪಟ್ಟಿಗೆ, ಪಟ್ಟಿಯಿಂದ ಚಿತ್ರಕ್ಕೆ ಕಣ್ಣಾಡಿಸಬೇಕು. ಅದೇ ಹೊತ್ತಿಗೆ ಸ್ಲೈಡಿನಲ್ಲಿ ಬರೆದ ವಾಕ್ಯಗಳನ್ನೇ ನೀವು ಓದುತ್ತಿರುತ್ತೀರಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಮೇಯರ್ ದಶಕಗಳ ಕಾಲ ಪ್ರಯೋಗ ಮಾಡಿ ತೋರಿಸಿದ್ದು ಇಂಥ ಸಂಗತಿಗಳನ್ನೇ. ಹೆಸರು ಚಿತ್ರದ ಭಾಗದ ಪಕ್ಕದಲ್ಲೇ ಇದ್ದರೆ ಕಲಿಕೆ ಹೆಚ್ಚುತ್ತದೆ. ಚಿತ್ರ ಮತ್ತು ಮಾತು ಒಟ್ಟಿಗಿರಲಿ, ಅದರ ಮೇಲೆ ಅದೇ ಮಾತನ್ನು ಅಕ್ಷರದಲ್ಲೂ ಹಾಕಿದರೆ ಸಾಮಾನ್ಯವಾಗಿ ಕಲಿಕೆ ಕುಗ್ಗುತ್ತದೆ. ಇದರ ಹಿಂದಿನ ಕಾರಣವನ್ನು ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ 1988ರಲ್ಲಿ ವಿವರಿಸಿದರು: ಮನಸ್ಸು ಒಂದು ಹೊತ್ತಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡಬಲ್ಲದ್ದು ಬಹಳ ಕಡಿಮೆ. ಪಟ್ಟಿ ಹುಡುಕುವುದರಲ್ಲೇ ಅದು ಖರ್ಚಾದರೆ ಮಸೂರದ ಬಗ್ಗೆ ಯೋಚಿಸಲು ಏನೂ ಉಳಿಯುವುದಿಲ್ಲ.

ಈ ನಿಯಮಕ್ಕೆ ಅಪವಾದಗಳಿವೆ, ಅವು ನಮ್ಮ ಮಕ್ಕಳಿಗೆ ಸಂಬಂಧಿಸಿದವು. ಪಾರಿಭಾಷಿಕ ಪದ ಹೊಸದಾಗಿದ್ದಾಗ, ಪಾಠದ ಭಾಷೆ ಮನೆಮಾತಲ್ಲದಿದ್ದಾಗ, ಮಗುವಿಗೆ ಕಿವಿ ಸರಿಯಾಗಿ ಕೇಳಿಸದಿದ್ದಾಗ ಅಕ್ಷರ ಬೇಕೇ ಬೇಕು. ಹಾಗಾಗಿ ಬೇಕಾದವರು ತೆರೆದುಕೊಳ್ಳುವಂತೆ ಅಡಿಬರಹ ಕೊಡುವುದು ಒಳ್ಳೆಯ ದಾರಿ. ಒಳ್ಳೆಯ ಕೋರ್ಸ್ ನಿಯಮದ ಜೊತೆಗೆ ಅದು ಎಲ್ಲಿ ಮುರಿಯುತ್ತದೆ ಎಂಬುದನ್ನೂ ಕಲಿಸುತ್ತದೆ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. 25 ನಿಮಿಷಗಳಲ್ಲಿ ಮಗುವಿಗೆ ಒಂದು ಸಲವೂ ಏನನ್ನೂ ಕೇಳಿಲ್ಲ. ಸಮೀಪದೃಷ್ಟಿಯಲ್ಲಿ ಬಿಂಬ ರೆಟಿನಾದ ಮುಂದೆ ಬೀಳುತ್ತದೆ ಎಂದು ತೋರಿಸಿದ ತಕ್ಷಣ ವಿಡಿಯೊ ನಿಲ್ಲಬೇಕು. ‘ಕಿರಣಗಳು ಇನ್ನೂ ಸ್ವಲ್ಪ ಹಿಂದೆ ಸೇರಬೇಕಾದರೆ ಅವುಗಳನ್ನು ಒಳಗೆ ಬಾಗಿಸುವ ಮಸೂರ ಬೇಕೋ, ಹೊರಗೆ ಹರಡುವ ಮಸೂರ ಬೇಕೋ?’ ಎಂದು ಕೇಳಿ, ಮಗು ಉತ್ತರಿಸಿದ ಮೇಲೆಯೇ ನಿಮ್ನ ಮಸೂರದ ಚಿತ್ರ ಬರಬೇಕು. ನೆನಪಿನಿಂದ ಹೊರತೆಗೆಯುವ ಶ್ರಮವೇ ನೆನಪನ್ನು ಗಟ್ಟಿಮಾಡುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಹೆಚ್ಚು ಹೇಳಬಲ್ಲವರಾಗಿದ್ದರು. ಒಂದು ವಾರದ ನಂತರ ಗೆದ್ದವರು ಓದಿ, ಪುಸ್ತಕ ಮುಚ್ಚಿ, ನೆನಪಿಸಿಕೊಂಡು ಬರೆದವರು. ನಿಮ್ಮ ಮಕ್ಕಳಿಗೆ ವಿಡಿಯೊ ಮುಗಿದಾಗ ಎಲ್ಲ ತಿಳಿದಂತೆ ಅನಿಸಿ, ಪರೀಕ್ಷೆಯ ಹೊತ್ತಿಗೆ ಕೈಕೊಟ್ಟಿದ್ದು ಇದಕ್ಕೇ ಇರಬೇಕು.

ಸ್ನಾತಕೋತ್ತರ ಓದಿನ ಮೊದಲ ಸೆಮಿಸ್ಟರ್ ಹೆಚ್ಚುಕಡಿಮೆ ಇದೇ: ಮನುಷ್ಯ ಹೇಗೆ ಕಲಿಯುತ್ತಾನೆ. ಕಲಿಕೆಯ ಉದ್ದೇಶಗಳನ್ನು ಮಟ್ಟಗಳಾಗಿ ವಿಂಗಡಿಸುವ ಬ್ಲೂಮ್ ವರ್ಗೀಕರಣ ನಿಮಗೆ ಬಿ.ಇಡಿ.ಯಿಂದಲೇ ಗೊತ್ತು, ಅದು 1956ರದ್ದು. ಇಲ್ಲಿ 2001ರ ಪರಿಷ್ಕೃತ ರೂಪವನ್ನು ಓದಿಸುತ್ತಾರೆ. ರಾಬರ್ಟ್ ಗಾನ್ಯೆ ಹೇಳಿದ ಪಾಠದ ಒಂಬತ್ತು ಘಟ್ಟಗಳು ಬರುತ್ತವೆ. ನಿಮಗೆ ಬೇಸರವಾಗುವಷ್ಟು ಪರಿಚಿತ ಸಂಗತಿಗಳೂ ಇರುತ್ತವೆ, ಅವುಗಳನ್ನು ಬೇಗ ದಾಟಿಬಿಡಬಹುದು. ಒಂದು ವಿಷಯದಲ್ಲಿ ಮಾತ್ರ ಎಚ್ಚರವಾಗಿರಿ. ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು, ಕೈಯಿಂದ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸಿ ಅದಕ್ಕೆ ತಕ್ಕಂತೆ ಪಾಠ ಮಾಡಬೇಕು ಎಂಬ ಮಾತು ಈಗಲೂ ತರಬೇತಿಗಳಲ್ಲಿ ಓಡಾಡುತ್ತಿದೆ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಲಭ್ಯವಿದ್ದ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ, ಇದಕ್ಕೆ ಸಾಕಷ್ಟು ಆಧಾರವಿಲ್ಲ ಎಂದರು. ಯಾವುದಾದರೂ ಕೋರ್ಸಿನ ಪಠ್ಯಕ್ರಮದಲ್ಲಿ ಇದನ್ನು ಸ್ಥಾಪಿತ ಸತ್ಯ ಎಂಬಂತೆ ಬರೆದಿದ್ದರೆ, ಅಲ್ಲಿ ಕಲಿಸುವವರು ಹೊಸ ಸಂಶೋಧನೆ ಓದುತ್ತಿಲ್ಲ ಎಂದು ತಿಳಿಯಿರಿ.

ಕೋರ್ಸಿನ ಜೀವಾಳ ಇರುವುದು ವಿನ್ಯಾಸದ ಪತ್ರಿಕೆಗಳಲ್ಲಿ. ಅಲ್ಲಿ ಎಲ್ಲಕ್ಕೂ ಮೊದಲು ಪರಿಚಯವಾಗುವ ಹೆಸರು ‘ಅಡ್ಡಿ’ (ADDIE). ವಿಶ್ಲೇಷಣೆ, ವಿನ್ಯಾಸ, ತಯಾರಿ, ಅನುಷ್ಠಾನ, ಮೌಲ್ಯಮಾಪನ ಎಂಬ ಐದು ಹಂತಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿಸಿದ ಹೆಸರದು. 1975ರಲ್ಲಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ಸೇನೆಯ ತರಬೇತಿಗಾಗಿ ರೂಪುಗೊಂಡ ಕ್ರಮ ಇದರ ಮೂಲ. ಐದು ಹಂತಗಳನ್ನು ಬಾಯಿಪಾಠ ಮಾಡಲು ಐದು ನಿಮಿಷ ಸಾಕು. ಮೊದಲ ಹಂತವನ್ನು ಪ್ರಾಮಾಣಿಕವಾಗಿ ಮಾಡಲು ಕಲಿಯುವುದಕ್ಕೆ ಇಡೀ ಸೆಮಿಸ್ಟರ್ ಬೇಕು, ಹೆಚ್ಚಿನವರು ಎಡವುವುದೂ ಅಲ್ಲೇ.

ನಿಮ್ಮ ತಂದೆಯವರ ಹೊಲವನ್ನೇ ತೆಗೆದುಕೊಳ್ಳೋಣ. ‘ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವುದು’ ಎಂಬ ಇ-ಪಾಠವನ್ನು ರೈತರಿಗಾಗಿ ಮಾಡಬೇಕು ಎಂದಿಟ್ಟುಕೊಳ್ಳಿ. ಹೊಸಬರು ಮೊದಲು ಬರೆಯುವ ಉದ್ದೇಶ ಹೀಗಿರುತ್ತದೆ: ‘ರೈತರು ಮಣ್ಣು ಪರೀಕ್ಷೆಯ ಮಹತ್ವವನ್ನು ಅರಿಯುತ್ತಾರೆ.’ ಅರಿತರೋ ಇಲ್ಲವೋ ಎಂದು ನೋಡುವುದು ಹೇಗೆ? ಕಲಿತವನು ಏನು ಮಾಡಿ ತೋರಿಸುತ್ತಾನೆ, ಯಾವ ಪರಿಸ್ಥಿತಿಯಲ್ಲಿ, ಎಷ್ಟರ ಮಟ್ಟಿಗೆ ಸರಿಯಾಗಿ ಎಂಬ ಮೂರೂ ಉದ್ದೇಶದಲ್ಲಿ ಇರಬೇಕು ಎಂದು ರಾಬರ್ಟ್ ಮೇಗರ್ 1962ರಲ್ಲೇ ಹೇಳಿದ್ದರು. ಅದರಂತೆ ತಿದ್ದಿದರೆ ಹೀಗಾಗುತ್ತದೆ: ‘ತನ್ನ ಒಂದು ಎಕರೆ ಹೊಲದಲ್ಲಿ, ಗುದ್ದಲಿ ಮತ್ತು ಬಕೆಟ್ ಬಳಸಿ, ಬದು, ಮರದ ನೆರಳು, ತಿಪ್ಪೆಯ ಹತ್ತಿರದ ಜಾಗಗಳನ್ನು ಬಿಟ್ಟು, ಅಂಕುಡೊಂಕಾಗಿ ಎಂಟರಿಂದ ಹತ್ತು ಕಡೆ ಆರು ಅಂಗುಲ ಆಳದ ‘ವಿ’ ಆಕಾರದ ಗುಂಡಿ ತೋಡಿ, ಅದರ ಪಕ್ಕದಿಂದ ಮಣ್ಣು ಕೆರೆದು, ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಡುತ್ತಾ ಅರ್ಧ ಕಿಲೋ ಮಾದರಿ ಸಿದ್ಧಪಡಿಸುತ್ತಾರೆ.’ ಉದ್ದವಾಯಿತು ನಿಜ. ಆದರೆ ಪಾಠದಲ್ಲಿ ಏನಿರಬೇಕು, ಏನಿರಬಾರದು, ಕೊನೆಯಲ್ಲಿ ಏನನ್ನು ಪರೀಕ್ಷಿಸಬೇಕು ಎಂಬುದೆಲ್ಲ ಈ ಒಂದು ವಾಕ್ಯದಲ್ಲೇ ತೀರ್ಮಾನವಾಗಿಬಿಟ್ಟಿದೆ. ಸಾರಜನಕ, ರಂಜಕ, ಪೊಟ್ಯಾಷ್ ಬಗ್ಗೆ ಹತ್ತು ಸ್ಲೈಡ್ ಮಾಡುವ ಆಸೆಯನ್ನು ಇದೇ ತಡೆಯುತ್ತದೆ.

ಉದ್ದೇಶ ಬರೆಯುವ ಮುನ್ನ ಕೇಳಬೇಕಾದ ಪ್ರಶ್ನೆ ಇನ್ನೂ ಕಠಿಣ: ರೈತರು ಮಾದರಿ ಕೊಡದಿರುವುದು ತಿಳಿಯದ್ದರಿಂದಲೇ? ಮಾದರಿ ಕೊಟ್ಟರೂ ವರದಿ ಬಿತ್ತನೆ ಮುಗಿದ ಮೇಲೆ ಕೈಸೇರುವುದಾದರೆ, ಅಥವಾ ವರದಿಯಲ್ಲಿರುವುದನ್ನು ಓದಿ ಹೇಳುವವರು ಹತ್ತಿರದಲ್ಲಿ ಇಲ್ಲದಿದ್ದರೆ, ಎಷ್ಟೇ ಚಂದದ ವಿಡಿಯೊ ಮಾಡಿದರೂ ಪ್ರಯೋಜನವಿಲ್ಲ. ತರಬೇತಿಯಿಂದ ಪರಿಹಾರವಾಗದ ಸಮಸ್ಯೆಗೆ ತರಬೇತಿ ಮಾಡಿಕೊಡುವುದಿಲ್ಲ ಎಂದು ಹೇಳುವ ಧೈರ್ಯ ಬೋಧನಾ ವಿನ್ಯಾಸಕರಿಗೆ ಬೇಕು. ಹಣ ಕೊಡುವವರ ಮುಂದೆ ಹಾಗೆ ಹೇಳುವುದು ಸುಲಭವಲ್ಲ, ಆದರೂ ಈ ವೃತ್ತಿಯ ಮರ್ಯಾದೆ ನಿಂತಿರುವುದು ಅದರ ಮೇಲೆ ಎಂದೇ ನಾನು ನಂಬಿದ್ದೇನೆ. ಉತ್ತರ ಸಿಗಬೇಕಾದರೆ ಹೊಲಕ್ಕೇ ಹೋಗಿ ಕೇಳಬೇಕು. ಹೋಬಳಿಯ ರೈತ ಸಂಪರ್ಕ ಕೇಂದ್ರದವರೊಡನೆ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದ ಅಥವಾ ಹಿರಿಯೂರಿನ ಬಬ್ಬೂರು ಫಾರಂನ ವಿಜ್ಞಾನಿಗಳೊಡನೆ ಮಾತಾಡಬೇಕು. ಫೋನ್ ಯಾರ ಕೈಯಲ್ಲಿರುತ್ತದೆ, ಹೊಲದ ಬಿಸಿಲಿನಲ್ಲಿ ಪರದೆ ಕಾಣುತ್ತದೆಯೆ, ಡೇಟಾ ದಿನಕ್ಕೆ ಎಷ್ಟು, ಇಯರ್‌ಫೋನ್ ಬಳಸುತ್ತಾರೆಯೆ, ಓದಲು ಇಷ್ಟಪಡುತ್ತಾರೋ ಕೇಳಲೋ ಎಂಬುದನ್ನೂ ಬರೆದುಕೊಳ್ಳಬೇಕು.

ನಂತರದ್ದು ಸ್ಟೋರಿಬೋರ್ಡ್. ಪರದೆಯಲ್ಲಿ ಕಾಣುವ ಚಿತ್ರ, ಅಕ್ಷರ, ಕೇಳುವ ಮಾತು, ಕಲಿಯುವವರು ಮಾಡಬೇಕಾದ್ದು, ಅದಕ್ಕೆ ಸಿಗುವ ಮರುಮಾತು, ಹೀಗೆ ಕಲಂಗಳಿರುವ ಒಂದು ಕೋಷ್ಟಕ. ನಮ್ಮ ಪಾಠದ ಒಂದು ಸಾಲು ಹೀಗಿರಬಹುದು. ಚಿತ್ರ: ಮೇಲಿನಿಂದ ಕಾಣುವ ಒಂದು ಎಕರೆ ಹೊಲ, ಸುತ್ತ ಬದು, ಮೂಲೆಯಲ್ಲಿ ಬೇವಿನ ಮರ, ಅದರಾಚೆ ತಿಪ್ಪೆ. ಮಾತು: ‘ಮೊದಲ ಗುಂಡಿ ಎಲ್ಲಿ ತೋಡುತ್ತೀರಿ? ಬೆರಳಿಟ್ಟು ತೋರಿಸಿ.’ ರೈತರು ತಿಪ್ಪೆಯ ಪಕ್ಕ ಬೆರಳಿಟ್ಟರೆ ಮರುಮಾತು: ‘ಗೊಬ್ಬರ ಬಿದ್ದ ಜಾಗದ ಮಣ್ಣು ಇಡೀ ಹೊಲದಲ್ಲೇ ಸತ್ವ ಹೆಚ್ಚಿದೆ ಎಂದು ತೋರಿಸುತ್ತದೆ. ಆಗ ಗೊಬ್ಬರದ ಲೆಕ್ಕ ತಪ್ಪುತ್ತದೆ. ಇನ್ನೊಂದು ಜಾಗ ನೋಡಿ.’ ಬರೀ ‘ತಪ್ಪು ಉತ್ತರ, ಮತ್ತೆ ಪ್ರಯತ್ನಿಸಿ’ ಎಂದಿದ್ದರೆ ಅದು ಪಾಠವಾಗುವುದಿಲ್ಲ. ತಪ್ಪಿನ ಪರಿಣಾಮವನ್ನು ತೋರಿಸುವ ಮರುಮಾತು ಬರೆಯುವುದರಲ್ಲೇ ವಿನ್ಯಾಸಕರ ಕೈಚಳಕ ಕಾಣುವುದು. ಶಿಕ್ಷಕಿಯಾಗಿ ನಿಮಗೆ ಇದು ಬೇಗ ಒಲಿಯುತ್ತದೆ; ಮಕ್ಕಳು ಮಾಡುವ ತಪ್ಪುಗಳ ಪರಿಚಯ ನಿಮಗಿರುವಷ್ಟು ಸಾಫ್ಟ್‌ವೇರ್ ಕಲಿತ ಹುಡುಗರಿಗೆ ಇರುವುದಿಲ್ಲ.

ಕಾಗದದ ಮೇಲಿರುವಾಗಲೇ ಅದನ್ನು ಜನರ ಮುಂದಿಟ್ಟು ನೋಡಬೇಕು. ವಾಲ್ಟರ್ ಡಿಕ್ ಮತ್ತು ಲೂ ಕ್ಯಾರಿ 1978ರಿಂದ ಹೇಳುತ್ತಾ ಬಂದಿರುವ ಕ್ರಮ ಇದು: ಮೊದಲು ಒಬ್ಬೊಬ್ಬರೇ ಕಲಿಯುವವರ ಪಕ್ಕದಲ್ಲಿ ಕೂತು ನೋಡುವುದು, ಆಮೇಲೆ ಸಣ್ಣ ಗುಂಪು, ಕೊನೆಗೆ ನಿಜವಾದ ಜಾಗದಲ್ಲಿ ಪ್ರಯೋಗ. ಮೂರು ಜನರ ಪಕ್ಕ ಕೂತರೆ ದೊಡ್ಡ ದೋಷಗಳು ಬಹುಪಾಲು ಹೊರಬೀಳುತ್ತವೆ. ಪಾಠ ಮುಗಿದ ಮೇಲಿನ ಮೌಲ್ಯಮಾಪನಕ್ಕೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಕೊಟ್ಟ ನಾಲ್ಕು ಮಟ್ಟಗಳನ್ನು ಕಲಿಸುತ್ತಾರೆ: ಇಷ್ಟವಾಯಿತೆ, ಕಲಿತರೆ, ಕೆಲಸದಲ್ಲಿ ಬಳಸಿದರೆ, ಫಲ ಸಿಕ್ಕಿತೆ. ಕಚೇರಿಗಳು ಹೆಚ್ಚಾಗಿ ಮೊದಲನೆಯದರಲ್ಲೇ ನಿಂತುಬಿಡುತ್ತವೆ.

ಈಗ ಸಾಫ್ಟ್‌ವೇರ್ ವಿಚಾರ. ಮೊದಲೇ ಕಲಿತು ಹೋಗುವ ಅಗತ್ಯವಿಲ್ಲ. ರಿಚರ್ಡ್ ಕ್ಲಾರ್ಕ್ 1983ರಲ್ಲಿ ಬರೆದ ಮಾತು ಈ ಕ್ಷೇತ್ರದಲ್ಲಿ ಇಂದಿಗೂ ಚರ್ಚೆಯಲ್ಲಿದೆ: ದಿನಸಿ ಹೊತ್ತು ತರುವ ಲಾರಿ ನಮ್ಮ ಪೌಷ್ಟಿಕತೆಯನ್ನು ಬದಲಿಸುವುದಿಲ್ಲ, ಹಾಗೆಯೇ ಮಾಧ್ಯಮವೊಂದೇ ಕಲಿಕೆಯನ್ನು ಬದಲಿಸುವುದಿಲ್ಲ. ಪ್ರತಿಯೊಂದು ಮಾಧ್ಯಮಕ್ಕೂ ಅದರದೇ ಶಕ್ತಿಯಿದೆ, ವಿನ್ಯಾಸ ಅದನ್ನು ಬಳಸಿಕೊಳ್ಳಬೇಕು ಎಂದು ರಾಬರ್ಟ್ ಕೋಜ್ಮಾ ವಾದಿಸಿದರು. ಈ ಇಬ್ಬರ ಬರಹಗಳನ್ನೂ ಮೂಲದಲ್ಲಿ ಓದಿಸುವ ಕೋರ್ಸ್ ಸಿಕ್ಕರೆ ಅದನ್ನು ಬಿಡಬೇಡಿ. ಇ-ಪಾಠ ತಯಾರಿಸಲು ಉದ್ಯಮದಲ್ಲಿ ಆರ್ಟಿಕ್ಯುಲೇಟ್ ಸ್ಟೋರಿಲೈನ್ ಎಂಬ ತಂತ್ರಾಂಶ ಹೆಚ್ಚು ಬಳಕೆಯಲ್ಲಿದೆ, ಅದು ದುಬಾರಿ. ಕಲಿಕೆಗೆ ಪಾಠ ತಯಾರಿಸುವ ಎಚ್5ಪಿ ಮತ್ತು ಅದನ್ನು ಕಲಿಯುವವರಿಗೆ ತಲುಪಿಸುವ ಕಲಿಕಾ ವೇದಿಕೆ ಮೂಡಲ್ ಸಾಕು. ಎರಡೂ ಮುಕ್ತ ತಂತ್ರಾಂಶಗಳು. ವಿಡಿಯೊ ನಡುವೆ ಪ್ರಶ್ನೆ ಕೇಳಿ ನಿಲ್ಲಿಸುವ ಸೌಲಭ್ಯ ಎಚ್5ಪಿಯಲ್ಲಿದೆ, ನಿಮ್ಮ ಕಣ್ಣಿನ ಪಾಠವನ್ನು ಇವತ್ತೇ ಅದರಲ್ಲಿ ತಿದ್ದಬಹುದು. ಸ್ಕಾರ್ಮ್ ಎಂಬುದು ಒಂದು ಕಡೆ ತಯಾರಿಸಿದ ಪಾಠ ಬೇರೆ ಬೇರೆ ಕಲಿಕಾ ವೇದಿಕೆಗಳಲ್ಲಿ ನಡೆಯುವಂತೆ, ಅಂಕ ಮತ್ತು ಪಾಠ ಮುಗಿಸಿದ್ದು ದಾಖಲಾಗುವಂತೆ ಮಾಡಿದ ಮಾನದಂಡ. ಕೋಡ್ ಬರೆಯಲು ಬರಬೇಕೆಂದೇನೂ ಇಲ್ಲ.

ಕನ್ನಡದಲ್ಲಿ ಪಾಠ ಮಾಡುವವರು ಗಮನಿಸಲೇಬೇಕಾದ ವಿಷಯ ಒಂದಿದೆ, ಅದನ್ನು ಇಂಗ್ಲಿಷ್ ಕೋರ್ಸ್‌ಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಟಿಪ್ಪಣಿಗಳನ್ನು ಕಲಿಕಾ ವೇದಿಕೆಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದನ್ನು ತಪ್ಪಿಸಲು ಪುಟವನ್ನೇ ಚಿತ್ರವಾಗಿಸಿ ಹಾಕುವವರಿದ್ದಾರೆ. ಆಗ ಹುಡುಕಲು ಆಗುವುದಿಲ್ಲ, ಸಣ್ಣ ಫೋನಿನಲ್ಲಿ ಅಕ್ಷರ ಹಿಗ್ಗುವುದಿಲ್ಲ, ದೃಷ್ಟಿದೋಷವುಳ್ಳವರ ಪರದೆ ಓದುವ ತಂತ್ರಾಂಶಕ್ಕೆ ಅದು ಖಾಲಿ ಪುಟ. ಮೊದಲ ದಿನದಿಂದಲೇ ಎಲ್ಲವನ್ನೂ ಎಲ್ಲ ಫೋನ್, ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಬರೆಯಿರಿ. ಯಾವುದೇ ತಂತ್ರಾಂಶ ಕೊಳ್ಳುವ ಮುನ್ನ ಅದರ ಪ್ರಯೋಗಾವಧಿಯಲ್ಲಿ ‘ದ್ಯುತಿಸಂಶ್ಲೇಷಣೆ’ಯಂಥ ಒತ್ತಕ್ಷರಗಳ ಪದ ಟೈಪ್ ಮಾಡಿ, ಪಾಠವನ್ನು ಪ್ರಕಟಿಸಿ, ಫೋನಿನಲ್ಲಿ ತೆರೆದು ನೋಡಿ. ಬರೆಯುವಾಗ ಸರಿಯಾಗಿದ್ದು ಪ್ರಕಟವಾದ ಮೇಲೆ ಒತ್ತು ಒಡೆಯುವುದುಂಟು.

ಕೋರ್ಸ್ ಆರಿಸುವ ಬಗ್ಗೆ. ಮುಂಬೈಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಶೈಕ್ಷಣಿಕ ತಂತ್ರಜ್ಞಾನಕ್ಕೇ ಒಂದು ವಿಭಾಗವಿದೆ. ಇಗ್ನೊದಲ್ಲಿ ದೂರ ಶಿಕ್ಷಣದ ಎಂ.ಎ. ಇದೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ 30ರಿಂದ 36 ಕ್ರೆಡಿಟ್‌ಗಳ ಸ್ನಾತಕೋತ್ತರ ಪದವಿಯನ್ನು ಆನ್‌ಲೈನಿನಲ್ಲಿ ಕೊಡುತ್ತವೆ, ಶುಲ್ಕ ನಮ್ಮ ಶಿಕ್ಷಕರ ಸಂಬಳಕ್ಕೆ ಎಟುಕುವಂಥದ್ದಲ್ಲ. ಸಾಲ ಮಾಡಿ ಸೇರಿ ಎಂದು ನಾನು ಹೇಳಲಾರೆ. ದೇಶದೊಳಗಿನ ಆನ್‌ಲೈನ್ ಪದವಿಯಾದರೆ ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಆ ವಿಶ್ವವಿದ್ಯಾಲಯಕ್ಕೆ, ಆ ಕೋರ್ಸಿಗೆ, ಆ ವರ್ಷಕ್ಕೆ ಅನುಮತಿ ಇದೆಯೆ ಎಂದು ನೀವೇ ನೋಡಿ. ಜಾಹೀರಾತಿನ ಮಾತು ಸಾಲದು. ಅದಕ್ಕೂ ಮೊದಲು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ‘ಸ್ವಯಂ’ ವೇದಿಕೆಯಲ್ಲಿ ಈ ವಿಷಯದ ಒಂದು ಕೋರ್ಸ್ ಮುಗಿಸಿ. ಕಲಿಯಲು ಹಣ ಕೊಡಬೇಕಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ವಿಡಿಯೊ, ಓದು, ಚರ್ಚೆ, ಮೌಲ್ಯಮಾಪನ ಎಂಬ ನಾಲ್ಕು ಭಾಗಗಳಲ್ಲಿ ಸ್ವಯಂ ಕೋರ್ಸ್‌ಗಳನ್ನು ಕಟ್ಟಿರುತ್ತಾರೆ. ಕಲಿಯುವವರಾಗಿ ಅದರೊಳಗೆ ಕೆಲವು ವಾರ ಇದ್ದು ಬಂದರೆ ಎಲ್ಲಿ ಹಿಡಿಸಿತು, ಎಲ್ಲಿ ಸಡಿಲವಾಯಿತು ಎಂಬುದು ಸ್ವಂತ ಅನುಭವದಿಂದ ತಿಳಿಯುತ್ತದೆ.

ಪ್ರವೇಶ ಕಚೇರಿಯವರನ್ನು ತಪ್ಪದೆ ಕೇಳಬೇಕಾದ್ದು: ಅಂತಿಮ ಪ್ರಾಜೆಕ್ಟನ್ನು ನಿಜವಾದ ಕಲಿಯುವವರ ಮೇಲೆ ಪ್ರಯೋಗಿಸಿ ತಿದ್ದಬೇಕೆಂಬ ನಿಯಮ ಇದೆಯೆ? ಸ್ಟೋರಿಬೋರ್ಡಿಗೆ ಅಧ್ಯಾಪಕರು ಸಾಲುಸಾಲಾಗಿ ಟಿಪ್ಪಣಿ ಬರೆದು ಕೊಡುತ್ತಾರೆಯೆ, ಅಂಕ ಮಾತ್ರವೇ? ಪ್ರಾಜೆಕ್ಟನ್ನು ಕನ್ನಡದಲ್ಲಿ ಮಾಡಿ ವರದಿಯನ್ನು ಇಂಗ್ಲಿಷಿನಲ್ಲಿ ಕೊಡಲು ಒಪ್ಪುತ್ತಾರೆಯೆ? ಮೊದಲೆರಡಕ್ಕೆ ಸ್ಪಷ್ಟ ಉತ್ತರ ಬರದಿದ್ದರೆ ಹೆಸರು ಎಷ್ಟೇ ದೊಡ್ಡದಿದ್ದರೂ ಆ ಕೋರ್ಸ್ ಬೇಡ.

ಕೆಲಸದ ಬಗ್ಗೆ ಇದ್ದದ್ದು ಇದ್ದಹಾಗೆ ಹೇಳುತ್ತೇನೆ. ಕಂಪನಿಗಳ ಕೆಲಸ ಹೆಚ್ಚಾಗಿ ಬೆಂಗಳೂರಿನದು, ಇಂಗ್ಲಿಷಿನದು. ಮನೆಯಿಂದಲೇ ಮಾಡಲು ಬಿಡುವವರೂ ಇದ್ದಾರೆ. ಅವರು ಪ್ರಮಾಣಪತ್ರಕ್ಕಿಂತ ಮೊದಲು ಕೇಳುವುದು ನೀವು ಮಾಡಿದ ಪಾಠಗಳ ಮಾದರಿಗಳನ್ನು. ಜೊತೆಗೆ ದಾವಣಗೆರೆಯಂಥ ಕಾಲೇಜುಗಳ ಊರಿನಲ್ಲಿ ಕಣ್ಣಿಗೆ ಬೀಳದ ಅಗತ್ಯ ಬೇಕಾದಷ್ಟಿದೆ. ವೈದ್ಯಕೀಯ ಕಾಲೇಜುಗಳಲ್ಲಿ 2019ರಿಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದಿದೆ. ಎಂಜಿನಿಯರಿಂಗ್ ಕಾಲೇಜುಗಳು ಮಾನ್ಯತೆಗಾಗಿ ಪ್ರತಿ ಪತ್ರಿಕೆಗೂ ಕಲಿಕಾ ಫಲಗಳನ್ನು ಬರೆದು ಅವು ಈಡೇರಿದ್ದನ್ನು ತೋರಿಸಬೇಕು. ಸ್ವಯಂ ಕೋರ್ಸ್‌ಗಳಿಂದ ಶೇ 40ರವರೆಗೆ ಕ್ರೆಡಿಟ್ ಪಡೆಯಲು ಯುಜಿಸಿಯ 2021ರ ನಿಯಮ ಅವಕಾಶ ಕೊಟ್ಟಿದೆ. ಅಳೆಯಬಹುದಾದ ಉದ್ದೇಶ ಬರೆಯಬಲ್ಲವರು ಈ ಎಲ್ಲ ಕಡೆಯೂ ಬೇಕು. ಆದರೆ ‘ಬೋಧನಾ ವಿನ್ಯಾಸಕರು ಬೇಕಾಗಿದ್ದಾರೆ’ ಎಂಬ ಜಾಹೀರಾತು ಇಲ್ಲಿ ಕಾಣಿಸುವುದು ಅಪರೂಪ. ಮಾದರಿ ಪಾಠ ಹಿಡಿದು ನೀವೇ ಹೋಗಿ ಮಾತಾಡಬೇಕಾಗುತ್ತದೆ.

ಸಮಯದ ಲೆಕ್ಕ ಹಾಕಿಕೊಳ್ಳಿ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಂತೆ ಒಂದು ಕ್ರೆಡಿಟ್‌ಗೆ 30 ಗಂಟೆಗಳ ಕಲಿಕೆ. ನಾಲ್ಕು ಕ್ರೆಡಿಟ್‌ನ ಪತ್ರಿಕೆ ಎಂದರೆ 120 ಗಂಟೆ. 15 ವಾರಕ್ಕೆ ಹಂಚಿದರೆ ವಾರಕ್ಕೆ 8 ಗಂಟೆ. ಒಟ್ಟಿಗೆ ಎರಡು ಪತ್ರಿಕೆಗಿಂತ ಹೆಚ್ಚು ತೆಗೆದುಕೊಂಡರೆ ಶಾಲೆಯೋ ಓದೋ ಒಂದು ಸೊರಗುತ್ತದೆ. ಪತ್ರಿಕೆಗಳನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳಲು ಅವಕಾಶವಿದ್ದರೆ ಸಿದ್ಧಾಂತದ ಪತ್ರಿಕೆಗಳನ್ನು ಜೂನ್‌ನಿಂದ ಶುರುವಾಗುವ ಅವಧಿಗೆ ಇಟ್ಟುಕೊಳ್ಳಿ. ಪ್ರಾಜೆಕ್ಟಿನ ಕ್ಷೇತ್ರಕಾರ್ಯವನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಗಡಿಬಿಡಿ ಮುಗಿದ ಮೇಲೆ, ಏಪ್ರಿಲ್-ಮೇ ರಜೆಗೆ ಇಡಿ. ಹೊಲ ಖಾಲಿ ಇರುವ ಆ ದಿನಗಳೇ ಮಣ್ಣಿನ ಮಾದರಿ ತೆಗೆಯಲೂ ಸೂಕ್ತ. ಸ್ಟೋರಿಬೋರ್ಡನ್ನು ಮೊದಲು ನಿಮ್ಮ ತಂದೆಯವರ ಕೈಗೆ ಕೊಟ್ಟು, ಪಕ್ಕದಲ್ಲಿ ಮಾತಾಡದೆ ಕೂತು, ಅವರು ಎಲ್ಲಿ ನಿಂತು ಯೋಚಿಸುತ್ತಾರೆ ಎಂಬುದನ್ನು ಬರೆದುಕೊಳ್ಳಿ.